ಎಲ್ಲರೂ ಕೋರ್ಸ್ ಮುಗಿಸಿದ್ದಾರೆ, ಮೆಷಿನ್‌ಗೆ ಬೀಗ ಮಾತ್ರ ಯಾರೂ ಹಾಕುತ್ತಿಲ್ಲ

ಪೀಣ್ಯ_ಸೇಫ್ಟಿ (ಭಾನುವಾರ ಬೆಳಗ್ಗೆ)

ನಮಸ್ಕಾರ. ಪೀಣ್ಯದಲ್ಲಿ ಶೀಟ್ ಮೆಟಲ್ ಪಾರ್ಟ್ಸ್ ಮಾಡುವ ಒಂದು ಕಂಪನಿಯಲ್ಲಿ ಸೇಫ್ಟಿ, ಟ್ರೈನಿಂಗ್ ಎರಡೂ ನಾನೇ ನೋಡಿಕೊಳ್ಳುತ್ತೇನೆ. ಮೂರು ಶಿಫ್ಟು, 212 ಜನ. ಈ ವರ್ಷ ಲಾಕೌಟ್ ಟ್ಯಾಗೌಟ್ ಬಗ್ಗೆ ಒಂದು ಆನ್‌ಲೈನ್ ಕೋರ್ಸ್ ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ರಿಪೇರಿಗೋ, ಸಿಕ್ಕಿಕೊಂಡ ತುಂಡು ತೆಗೆಯುವುದಕ್ಕೋ ಮೆಷಿನ್ ಒಳಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆಫ್ ಮಾಡಬೇಕು. ಅದಕ್ಕೆ ನಿಮ್ಮದೇ ಬೀಗ ಹಾಕಿ, ಹೆಸರು ಬರೆದ ಚೀಟಿ ಕಟ್ಟಿ, ಕೀಲಿ ಜೇಬಿಗೆ ಹಾಕಿಕೊಳ್ಳಬೇಕು. ಬೇರೆ ಯಾರೋ ತಿಳಿಯದೆ ಆನ್ ಮಾಡಿಬಿಡಬಾರದು ಅಂತ.

ಕೋರ್ಸ್ 45 ನಿಮಿಷ, 62 ಸ್ಲೈಡ್. ಕೊನೆಗೆ 10 ಪ್ರಶ್ನೆ, 8 ಸರಿ ಇದ್ದರೆ ಪಾಸ್. ಎರಡು ವಾರದಲ್ಲಿ 212 ಜನರೂ ಪಾಸ್. ಮ್ಯಾನೇಜರ್‌ಗೂ ಖುಷಿ.

ಕಳೆದ ಗುರುವಾರ ಎರಡನೇ ಶಿಫ್ಟಿನಲ್ಲಿ ಪ್ರೆಸ್ ಲೈನ್ ಹತ್ತಿರ ನಿಂತಿದ್ದೆ. ಡೈನಲ್ಲಿ (ತಗಡಿಗೆ ಆಕಾರ ಕೊಡುವ ಅಚ್ಚು) ತುಂಡು ಸಿಕ್ಕಿಕೊಂಡಿತು. ಹುಡುಗ ಕೆಂಪು ಬಟನ್ ಒತ್ತಿ ನೇರವಾಗಿ ಕೈ ಹಾಕಿದ. ಬೀಗ ಇಲ್ಲ, ಚೀಟಿ ಇಲ್ಲ. ನಾಲ್ಕೈದು ಸೆಕೆಂಡು ಅವನ ಕೈ ಡೈ ಒಳಗಿತ್ತು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಆಮೇಲೆ ರೆಕಾರ್ಡ್ ತೆಗೆದು ನೋಡಿದೆ. ಪರೀಕ್ಷೆಯಲ್ಲಿ ಅವನಿಗೆ 10ಕ್ಕೆ 10.

ಕೋರ್ಸನ್ನು ಮತ್ತೆ ಮಾಡಬೇಕು ಅಂತ ತೀರ್ಮಾನ ಮಾಡಿದ್ದೇನೆ. ಅನಿಮೇಷನ್ ಹಾಕಲೇ? ಗೇಮ್ ತರಹ ಮಾಡಲೇ? ಕೋರ್ಸ್ ತಯಾರಿಸುವ ಸಾಫ್ಟ್‌ವೇರ್ ಆರ್ಟಿಕ್ಯುಲೇಟ್ ಲೈಸೆನ್ಸ್ ಒಂದಿದೆ, ಕೋರ್ಸ್ ಓಡುವುದು ಆನ್‌ಲೈನ್ ತರಗತಿ ನಡೆಸುವ ಸಾಫ್ಟ್‌ವೇರ್ ಮೂಡಲ್‌ನಲ್ಲಿ. ಬಜೆಟ್ ಜಾಸ್ತಿ ಇಲ್ಲ. ಮಾಡಿ ಅನುಭವ ಇರುವವರು ಹೇಳಿ.

ಕ್ಲಿಕ್_ಕಲಿಕೆ

ಪಾಯಿಂಟ್ಸ್, ಬ್ಯಾಡ್ಜ್, ಲೀಡರ್‌ಬೋರ್ಡ್ ಹಾಕಿ ನೋಡಿ. ನಮ್ಮಲ್ಲಿ ಶಿಫ್ಟ್ ಶಿಫ್ಟ್‌ಗೆ ಸ್ಪರ್ಧೆ ಇಟ್ಟ ಮೇಲೆ ಕೋರ್ಸ್ ಮುಗಿಸುವವರು ಜಾಸ್ತಿಯಾದರು.

ಕೋರ್ಸ್_ಬರಹ

ಅವರಲ್ಲಿ ಮುಗಿಸುವವರ ಕೊರತೆ ಇಲ್ಲವಲ್ಲ. 212ಕ್ಕೆ 212 ಮುಗಿಸಿದ್ದಾರೆ. ತೊಂದರೆ ಇರುವುದು ಮುಗಿಸಿದ ಮೇಲೆ.

ಸಿಎನ್‌ಸಿ_ಆಪರೇಟರ್

ನಾನು ಕೋರ್ಸ್ ಮಾಡುವವನಲ್ಲ, ನೋಡುವವನು. ನಮ್ಮ ಕಡೆಯಿಂದ ಹೇಗೆ ಕಾಣುತ್ತದೆ ಅಂತ ಹೇಳುತ್ತೇನೆ.

ಶಿಫ್ಟ್ ಮುಗಿಯುವ ಅರ್ಧ ಗಂಟೆ ಮುಂಚೆ ಸೂಪರ್‌ವೈಸರ್ ಬಂದು "ಇವತ್ತೇ ಮುಗಿಸಬೇಕು" ಅನ್ನುತ್ತಾರೆ. ಕ್ಯಾಂಟೀನ್‌ನಲ್ಲಿ ಕೂತು ಮೊಬೈಲ್‌ನಲ್ಲಿ ತೆರೆಯುತ್ತೇವೆ. ಅಲ್ಲಿ ಗಲಾಟೆ, ದನಿ ಕೇಳಿಸುವುದಿಲ್ಲ. 'ಮುಂದೆ' ಬಟನ್‌ಗೆ ಟೈಮರ್ ಇರುತ್ತದೆ, ಹಾಗಾಗಿ ಫೋನ್ ಪಕ್ಕಕ್ಕಿಟ್ಟು ಟೀ ಕುಡಿಯುತ್ತೇವೆ, ಬಟನ್ ಬಂದಾಗ ಒತ್ತುತ್ತೇವೆ. ಪ್ರಶ್ನೆಗಳಲ್ಲಿ ಯಾವ ಉತ್ತರ ಎಲ್ಲಕ್ಕಿಂತ ಉದ್ದ ಇದೆಯೋ ಅದೇ ಸರಿ. "ಮೇಲಿನ ಎಲ್ಲವೂ" ಅಂತ ಇದ್ದರೆ ಯೋಚನೆಯೇ ಬೇಡ.

ಕಲಿಯುವುದು ಬೇಡ ಅಂತ ಅಲ್ಲ. 11 ವರ್ಷದಿಂದ ಇದೇ ಕೆಲಸದಲ್ಲಿದ್ದೇನೆ, ನನ್ನ ಜೊತೆಯವನ ಎರಡು ಬೆರಳು ಹೋದದ್ದನ್ನು ಕಣ್ಣಾರೆ ನೋಡಿದ್ದೇನೆ. ಅಂಥವನಿಗೆ ಮೊದಲ ಸ್ಲೈಡಿನಲ್ಲಿ "ಸುರಕ್ಷತೆ ಎಂದರೇನು?" ಅಂತ ಬಂದರೆ ಮನಸ್ಸು ಅಲ್ಲೇ ಎದ್ದು ಹೋಗುತ್ತದೆ.

ಹಳೇ_ಮೇಸ್ತ್ರಿ

ಇಂಥದ್ದಕ್ಕೆಲ್ಲ ಆನ್‌ಲೈನ್ ಯಾಕೆ ಅಂತಲೇ ನನ್ನ ಪ್ರಶ್ನೆ. ಶಿಫ್ಟ್ ಶುರುವಾಗುವ ಮೊದಲು ಮೆಷಿನ್ ಪಕ್ಕ ಹತ್ತು ನಿಮಿಷ ನಿಲ್ಲಿಸಿ. ಬೀಗ ಕೈಗೆ ಕೊಡಿ. "ಹಾಕಿ ತೋರಿಸು" ಅನ್ನಿ. ಹಾಕದಿದ್ದರೆ ಮತ್ತೆ ಹಾಕಿಸಿ. ನಾವೆಲ್ಲ ಹೀಗೇ ಕಲಿತದ್ದು. ಈಜು ಕಲಿಸಲು ಸ್ಲೈಡ್ ತೋರಿಸುತ್ತಾರಾ?

ಪೀಣ್ಯ_ಸೇಫ್ಟಿ

ಮೇಸ್ತ್ರಿಯವರೇ, ನೀವು ಹೇಳುವುದು ಸರಿ. ಆದರೆ ಪ್ರತಿ ವಾರ ಹೊಸ ಕಾಂಟ್ರ್ಯಾಕ್ಟ್ ಹುಡುಗರು ಬರುತ್ತಾರೆ. ರಾತ್ರಿ ಶಿಫ್ಟಿಗೆ ನಾನು ಇರುವುದಿಲ್ಲ. ಹೇಳಿಕೊಡುವ ಸೂಪರ್‌ವೈಸರ್ ಒಬ್ಬೊಬ್ಬರು ಒಂದೊಂದು ತರಹ ಹೇಳಿಕೊಡುತ್ತಾರೆ. ಆನ್‌ಲೈನ್‌ಗೆ ಬಂದದ್ದು ಅದಕ್ಕೇ.

ಕೋರ್ಸ್_ಬರಹ

ಎರಡೂ ಬೇಕು, ಒಂದನ್ನು ಬಿಟ್ಟು ಒಂದಲ್ಲ. ಬೀಗ ಹಾಕುವ ಕೈಕೆಲಸವನ್ನು ಮೆಷಿನ್ ಪಕ್ಕದಲ್ಲೇ ಕಲಿಸಬೇಕು. ಆದರೆ "ಈಗ ಬೀಗ ಹಾಕಬೇಕಾ, ಬೇಡವಾ" ಅನ್ನುವ ತೀರ್ಮಾನ ಇದೆಯಲ್ಲ, ಅದನ್ನು ಸ್ಕ್ರೀನ್ ಮೇಲೆ ಚೆನ್ನಾಗಿ ಅಭ್ಯಾಸ ಮಾಡಿಸಬಹುದು. ಅಲ್ಲಿ ತಪ್ಪು ಮಾಡಿದರೆ ಯಾರ ಬೆರಳೂ ಹೋಗುವುದಿಲ್ಲ.

ಒಂಬತ್ತು ವರ್ಷದಿಂದ ಇದೇ ನನ್ನ ಕೆಲಸ. ಒಂದೇ ಮಾತು ಹೇಳುತ್ತೇನೆ. "ಇವರಿಗೆ ಏನೇನು ಗೊತ್ತಿರಬೇಕು" ಅಂತ ಪಟ್ಟಿ ಮಾಡಿದರೆ 62 ಸ್ಲೈಡ್ ಆಗುತ್ತದೆ. "ಇವರು ಏನು ತಪ್ಪು ಮಾಡುತ್ತಿದ್ದಾರೆ, ಯಾವಾಗ, ಯಾಕೆ" ಅಂತ ಪಟ್ಟಿ ಮಾಡಿದರೆ ನಾಲ್ಕೈದು ಸಂದರ್ಭ ಸಿಗುತ್ತದೆ. ಆ ನಾಲ್ಕೈದೇ ನಿಮ್ಮ ಕೋರ್ಸ್. ಉಳಿದದ್ದು ಗೋಡೆ ಮೇಲಿನ ಪೋಸ್ಟರ್‌ಗೆ ಹೋಗಲಿ.

ನಿಮ್ಮ ಹಳೆಯ ಪ್ರಶ್ನೆ ಬಹುಶಃ ಹೀಗಿರುತ್ತದೆ: "ಲಾಕೌಟ್‌ನ ಹಂತಗಳು ಎಷ್ಟು?" ಇದನ್ನು ಗಿಣಿಪಾಠ ಮಾಡಿ ಹೇಳಬಹುದು. ಅದರ ಬದಲು ಹೀಗೆ ಕೇಳಿ:

"ಸಂಜೆ ನಾಲ್ಕೂಮುಕ್ಕಾಲು. ಐದಕ್ಕೆ ಲಾರಿ ಹೊರಡಬೇಕು. 40 ಪೀಸ್ ಬಾಕಿ ಇದೆ. ಡೈನಲ್ಲಿ ತುಂಡು ಸಿಕ್ಕಿಕೊಂಡಿದೆ, ಬೆರಳ ತುದಿಗೆ ಸಿಗುವ ಹಾಗಿದೆ. ಸೂಪರ್‌ವೈಸರ್ ದೂರದಿಂದ 'ಏನಾಯಿತು, ಬೇಗ!' ಅನ್ನುತ್ತಿದ್ದಾರೆ. ನೀವು ಏನು ಮಾಡುತ್ತೀರಿ?"

ಆಯ್ಕೆಗಳಲ್ಲಿ ಪೆದ್ದು ಉತ್ತರ ಒಂದೂ ಇರಬಾರದು. ಪ್ರತಿಯೊಂದೂ ನಿಮ್ಮ ಹುಡುಗರು ನಿಜವಾಗಿ ಮಾಡುವಂಥದ್ದೇ ಆಗಿರಬೇಕು. ತಪ್ಪು ಒತ್ತಿದರೆ "ತಪ್ಪು ಉತ್ತರ" ಅಂತ ಕೆಂಪು ಗುರುತು ಹಾಕಬೇಡಿ. ಮುಂದೆ ಏನಾಗುತ್ತದೆ ಅಂತ ತೋರಿಸಿ.

ಮೆಂಟೆನೆನ್ಸ್_ಮನುಷ್ಯ

ಮುಂದೆ ಏನಾಗುತ್ತದೆ ಅನ್ನುವುದನ್ನು ನಾನು ಹೇಳುತ್ತೇನೆ, ಕೋರ್ಸಿಗೆ ಬೇಕಾಗುತ್ತದೆ. ಆ ಹುಡುಗ ಕೆಂಪು ಬಟನ್ ಒತ್ತಿದ್ದಾನೆ, ಅಂದರೆ ತನ್ನ ಪ್ರಕಾರ ಮೆಷಿನ್ ನಿಲ್ಲಿಸಿದ್ದಾನೆ. ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಕೆಂಪು ಬಟನ್ ಇರುವುದು ಓಡುತ್ತಿರುವ ಮೆಷಿನ್ನನ್ನು ತುರ್ತಾಗಿ ನಿಲ್ಲಿಸುವುದಕ್ಕೆ, ಕರೆಂಟಿನಿಂದ ಬೇರೆ ಮಾಡುವುದಕ್ಕಲ್ಲ. ಮೆಕ್ಯಾನಿಕಲ್ ಪ್ರೆಸ್ ಆದರೆ ಫ್ಲೈವೀಲ್ ಅನ್ನುವ ಭಾರದ ಚಕ್ರ ಇನ್ನೂ ತಿರುಗುತ್ತಿರುತ್ತದೆ. ಹೈಡ್ರಾಲಿಕ್ ಆದರೆ ಮೇಲಿರುವ ರ‍್ಯಾಮ್ (ಕೆಳಗೆ ಒತ್ತುವ ಭಾಗ) ತನ್ನ ಭಾರಕ್ಕೇ ನಿಧಾನವಾಗಿ ಇಳಿಯಬಹುದು. ಗಾಳಿಯ ಲೈನ್ ಇದ್ದರೆ ಪೈಪಿನಲ್ಲಿ ಪ್ರೆಷರ್ ಉಳಿದಿರುತ್ತದೆ.

ಆದ್ದರಿಂದ ಬೀಗ ಹಾಕಿದ ಮೇಲೂ ಕೆಲಸ ಉಳಿದಿದೆ. ರ‍್ಯಾಮ್ ಕೆಳಗೆ ಅದು ಇಳಿಯದಂತೆ ತಡೆಯುವ ಸೇಫ್ಟಿ ಬ್ಲಾಕ್ ಇಡಬೇಕು, ಉಳಿದ ಗಾಳಿ ಬಿಡಬೇಕು, ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ನಿಜವಾಗಿ ಸತ್ತಿದೆಯಾ ಅಂತ ನೋಡಬೇಕು. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಸ್ಟ್ಯಾಟ್ಸ್_ಹುಡುಗ

ಎಬ್ಬಿಂಗ್‌ಹೌಸ್ ಅನ್ನುವ ಮನೋವಿಜ್ಞಾನಿಯ ಮರೆವಿನ ರೇಖೆ ನೋಡಿ ಸರ್. ಕಲಿತದ್ದರಲ್ಲಿ ಹೆಚ್ಚಿನ ಭಾಗ ಒಂದೇ ದಿನದಲ್ಲಿ ಮರೆತುಹೋಗುತ್ತದೆ ಅಂತ ಸಾಬೀತಾಗಿದೆ. ನೀವು ಏನು ಮಾಡಿದರೂ ಅಷ್ಟೇ.

ಕೋರ್ಸ್_ಬರಹ

ಸ್ವಲ್ಪ ನಿಲ್ಲಿ. ಎಬ್ಬಿಂಗ್‌ಹೌಸ್ 1885ರಲ್ಲಿ ಪ್ರಕಟಿಸಿದ ಪ್ರಯೋಗ ಅದು. ಅವರು ಪರೀಕ್ಷೆ ಮಾಡಿದ್ದು ತಮ್ಮ ಮೇಲೆ, ಒಬ್ಬರ ಮೇಲೆ ಮಾತ್ರ. ಕಲಿತದ್ದು ಅರ್ಥವಿಲ್ಲದ ಅಕ್ಷರಗಳ ಪಟ್ಟಿ. ಅದರ ಅಂಕಿಗಳನ್ನು ತಂದು ಪ್ರೆಸ್ ಆಪರೇಟರ್ ತಲೆಗೆ ಅಂಟಿಸುವುದು ಸರಿಯಲ್ಲ. ನಮ್ಮ ಕ್ಷೇತ್ರದಲ್ಲಿ ಆ ರೇಖೆಯನ್ನು ಎಲ್ಲರೂ ಸುಮ್ನೆ ಸ್ಲೈಡಿಗೆ ಹಾಕಿಕೊಳ್ಳುತ್ತಾರೆ. ಮರೆವು ಇದೆ, ನಿಜ. ಆದರೆ "ಏನು ಮಾಡಿದರೂ ಅಷ್ಟೇ" ಅನ್ನುವುದು ತಪ್ಪು.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಪ್ರಕಟಿಸಿದ ಪ್ರಯೋಗ ಇದಕ್ಕಿಂತ ನಮಗೆ ಹತ್ತಿರದ್ದು. ವಿದ್ಯಾರ್ಥಿಗಳಿಗೆ ಒಂದು ಪಾಠ ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದೆ. ಒಂದು ವಾರದ ನಂತರ ಕೇಳಿದಾಗ ನೆನಪು ಮಾಡಿಕೊಂಡು ಬರೆದವರು ಮುಂದೆ.

ಕೋರ್ಸ್ ಮುಗಿದ ತಕ್ಷಣ ಪರೀಕ್ಷೆ ಇಟ್ಟರೆ ಎಲ್ಲರೂ ಪಾಸಾಗುವುದು ಯಾಕೆ ಅಂತ ಈಗ ಗೊತ್ತಾಯಿತು ಅಲ್ವಾ? ಎರಡು ದಿನ ಬಿಟ್ಟು ಒಂದು ಪ್ರಶ್ನೆ ಕಳಿಸಿ. ಹತ್ತು ದಿನ ಬಿಟ್ಟು ಇನ್ನೊಂದು. ತಿಂಗಳಿಗೆ ಮತ್ತೊಂದು. ವಾಟ್ಸಾಪ್‌ನಲ್ಲಿ ಕಳಿಸಿದರೂ ಸಾಕು.

ಸ್ಟ್ಯಾಟ್ಸ್_ಹುಡುಗ

ಒಬ್ಬರ ಮೇಲೆ ಮಾತ್ರ ಮಾಡಿದ್ದು ಅನ್ನುವುದು ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್.

ವಾರ್ಡ್_ಸಿಸ್ಟರ್ (ಮಂಗಳೂರು)

ನಮ್ಮ ಆಸ್ಪತ್ರೆಯಲ್ಲಿ ಕೈ ತೊಳೆಯುವ ಟ್ರೈನಿಂಗ್‌ದೂ ಇದೇ ಕಥೆ ಆಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಐದು ಸಂದರ್ಭಗಳು ಎಲ್ಲರಿಗೂ ಬಾಯಿಪಾಠ. ರೋಗಿಯನ್ನು ಮುಟ್ಟುವ ಮೊದಲು, ಶುದ್ಧ ಪ್ರೊಸೀಜರ್ ಮೊದಲು, ರಕ್ತ ಅಥವಾ ದೇಹದ ದ್ರವ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತು ಮುಟ್ಟಿದ ಮೇಲೆ. ಕೇಳಿದರೆ ಪಟಪಟ ಹೇಳುತ್ತಾರೆ. ವಾರ್ಡಿನಲ್ಲಿ ಐದನೆಯದು ಮಾತ್ರ ನಡೆಯುತ್ತಿರಲಿಲ್ಲ.

ನಾವು ಮಾಡಿದ್ದು ಇಷ್ಟು. ನಮ್ಮದೇ ವಾರ್ಡಿನ ಖಾಲಿ ಬೆಡ್ ಹತ್ತಿರ, ನಮ್ಮದೇ ಸಿಸ್ಟರ್‌ಗಳನ್ನು ಇಟ್ಟುಕೊಂಡು ಮೊಬೈಲ್‌ನಲ್ಲಿ ಎರಡು ನಿಮಿಷದ ವೀಡಿಯೋ ತೆಗೆದೆವು. ಸಿಸ್ಟರ್ ಬರುತ್ತಾರೆ, ಡ್ರಿಪ್ ಪಂಪಿನ ಬಟನ್ ಒತ್ತುತ್ತಾರೆ, ಬೆಡ್ ಕಂಬಿ ಎತ್ತುತ್ತಾರೆ, ರೋಗಿಯನ್ನು ಮುಟ್ಟುವುದೇ ಇಲ್ಲ, ನೇರ ಪಕ್ಕದ ಬೆಡ್‌ಗೆ ಹೋಗುತ್ತಾರೆ. "ಎಲ್ಲಿ ತಪ್ಪಿತು ಅನ್ನಿಸುತ್ತದೋ ಅಲ್ಲಿ ಸ್ಕ್ರೀನ್ ಮುಟ್ಟಿ" ಅಂತ ಅಷ್ಟೇ ಕೆಲಸ. ಮೊದಲ ಸಲ ನೋಡಿದಾಗ ಬಹಳ ಜನ ಮುಟ್ಟಲೇ ಇಲ್ಲ. ವೀಡಿಯೋ ಮುಗಿದೇ ಹೋಯಿತು. ಮತ್ತೆ ಹಾಕಿ ನೋಡಿದಾಗ ಕಂಬಿ ಹಿಡಿದ ಕೈ ಅವರಿಗೇ ಕಂಡಿತು.

ಸ್ಯಾನಿಟೈಸರ್ ಹ್ಯಾಂಡ್ ರಬ್‌ಗೆ 20ರಿಂದ 30 ಸೆಕೆಂಡು ಸಾಕು. ಸೋಪಾದರೆ 40ರಿಂದ 60. ಸಮಯ ಇಲ್ಲ ಅನ್ನುವ ಮಾತು ಬಂದಾಗಲೆಲ್ಲ ಈ ಲೆಕ್ಕ ಹೇಳುತ್ತೇನೆ.

ಸಿಎನ್‌ಸಿ_ಆಪರೇಟರ್

ಸಿಸ್ಟರ್, ಇದು ಚೆನ್ನಾಗಿದೆ. ನಮ್ಮದೇ ಮೆಷಿನ್, ನಮ್ಮದೇ ಜನ ಕಂಡರೆ ಯಾರೂ ಫೋನ್ ಪಕ್ಕಕ್ಕಿಡುವುದಿಲ್ಲ. ನಮ್ಮ ಕೋರ್ಸುಗಳಲ್ಲಿ ಬರುವ ಫೋಟೋಗಳಲ್ಲಿ ಎಲ್ಲರೂ ಬಿಳಿಯರು, ಹೊಸ ಹೆಲ್ಮೆಟ್, ಥಳಥಳ ಹೊಳೆಯುವ ನೆಲ. ಅದು ಬೇರೆ ಯಾರದೋ ಊರು.

ಹುಬ್ಬಳ್ಳಿ_ಮಂದಿ

ನಿಮ್ಮ ಮೊದಲ ಪೋಸ್ಟಿನಲ್ಲೇ ಒಂದು ತೊಂದರೆ ಐತಿ, ಯಾರೂ ಹೇಳಿಲ್ಲ. "ಬೀಗ ಹಾಕಿ ಕೀಲಿ ಜೇಬಿಗೆ ಹಾಕಿಕೊಳ್ಳಬೇಕು" ಅಂತ ಬರೆದಿದ್ದೀರಿ. ನಮ್ಮ ಕಡೆ ಕೀಲಿ ಅಂದರೇನೇ ಬೀಗ. ಅದನ್ನು ತೆಗೆಯುವುದು ಕೀಲಿಕೈ ಅಥವಾ ಚಾವಿ. "ಕೀಲಿ ಜೇಬಿಗೆ ಹಾಕಿಕೋ" ಅಂದರೆ ನಮ್ಮವರಿಗೆ ಬೀಗವನ್ನೇ ಜೇಬಿಗೆ ಹಾಕಿಕೋ ಅಂದ ಹಾಗೆ ಆಗುತ್ತದೆ. ಪೀಣ್ಯದಲ್ಲಿ ನಮ್ಮ ಕಡೆಯ ಹುಡುಗರು ಕಡಿಮೆ ಇಲ್ಲ.

ಪೀಣ್ಯ_ಸೇಫ್ಟಿ

ಇದನ್ನು ಓದಿದ ಕೂಡಲೇ ಮೂಡಲ್‌ನಲ್ಲಿ ಪ್ರಶ್ನೆವಾರು ರಿಪೋರ್ಟ್ ತೆಗೆದೆ. ಆರನೇ ಪ್ರಶ್ನೆ: "ಬೀಗ ಹಾಕಿದ ನಂತರ ಕೀಲಿ ಎಲ್ಲಿರಬೇಕು?" ಅತಿ ಹೆಚ್ಚು ತಪ್ಪು ಉತ್ತರ ಬಂದಿರುವುದು ಅದಕ್ಕೇ. ಅವರು ಒತ್ತಿರುವುದು "ಸ್ವಿಚ್ಚಿನ ಮೇಲೆ" ಅಂತ. ಕೀಲಿ ಅಂದರೆ ಬೀಗ ಅಂತ ಓದಿಕೊಂಡರೆ ಅದು ಸರಿಯಾದ ಉತ್ತರವೇ! ಅವರಿಗೆ ಗೊತ್ತಿಲ್ಲ ಅಂತ ನಾನು ಅಂದುಕೊಂಡಿದ್ದೆ. ಹುಬ್ಬಳ್ಳಿಯವರಿಗೆ ನಮಸ್ಕಾರ.

ಪದ_ಪ್ರೀತಿ

ಭಾಷೆ ವಿಷಯ ಬಂದದ್ದು ಒಳ್ಳೆಯದಾಯಿತು. ಇಂಗ್ಲಿಷ್ ಕೋರ್ಸನ್ನು ಏಜೆನ್ಸಿಗೆ ಕೊಟ್ಟು ಕನ್ನಡ ಮಾಡಿಸಿದರೆ ಹೇಗಿರುತ್ತದೆ ಗೊತ್ತಾ? ನಾನು ಕಣ್ಣಾರೆ ಓದಿದ ಸಾಲು: "ಸಂಚಿತ ಶಕ್ತಿಯನ್ನು ವಿಸರ್ಜಿಸಿ, ಪ್ರತ್ಯೇಕತೆಯನ್ನು ಪರಿಶೀಲಿಸಿ." ಯಾವ ಫಿಟ್ಟರ್ ಹೀಗೆ ಮಾತಾಡುತ್ತಾನೆ? "ಉಳಿದ ಗಾಳಿ ಬಿಡು, ಸ್ಟಾರ್ಟ್ ಒತ್ತಿ ನೋಡು" ಅಂದರೆ ಮುಗಿಯಿತು. ಮೇಲೆ ಮೆಂಟೆನೆನ್ಸ್‌ನವರು ಎಷ್ಟು ಚೆನ್ನಾಗಿ ಹೇಳಿದರು ನೋಡಿ. ಅವರ ಮಾತನ್ನೇ ರೆಕಾರ್ಡ್ ಮಾಡಿ ಹಾಕಿ.

ಕೋರ್ಸ್_ಬರಹ

ನೂರಕ್ಕೆ ನೂರು ಒಪ್ಪುತ್ತೇನೆ. ಇನ್ನೊಂದು ಸೇರಿಸುತ್ತೇನೆ. ಸ್ಲೈಡಿನಲ್ಲಿ ಬರೆದದ್ದನ್ನೇ ಅಕ್ಷರ ಬಿಡದೆ ದನಿಯಲ್ಲೂ ಓದಿಸಬೇಡಿ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ. ರಿಚರ್ಡ್ ಮೇಯರ್ ಅನ್ನುವ ಮನೋವಿಜ್ಞಾನಿ ಇದರ ಮೇಲೆ ಬಹಳ ವರ್ಷ ಕೆಲಸ ಮಾಡಿದ್ದಾರೆ. ಚಿತ್ರ ಮತ್ತು ದನಿ ಇದ್ದರೆ ಸಾಕು, ಅದೇ ಮಾತು ಬರಹದಲ್ಲೂ ಬಂದರೆ ಕಲಿಕೆಗೆ ಅಡ್ಡಿ ಅಂತ.

ಸಿಎನ್‌ಸಿ_ಆಪರೇಟರ್

ಇದನ್ನು ಒಪ್ಪುವುದಿಲ್ಲ. ಕ್ಯಾಂಟೀನ್‌ನಲ್ಲಿ ದನಿ ಕೇಳಿಸುವುದಿಲ್ಲ ಅಂತ ಮೊದಲೇ ಹೇಳಿದೆ. ಬರಹ ಇಲ್ಲದಿದ್ದರೆ ನಮಗೆ ಬರೀ ಚಿತ್ರ ಓಡುತ್ತದೆ.

ದುಬೈ_ಕನ್ನಡಿಗ

ನಾನೂ ಆಪರೇಟರ್ ಪರ. ಇಲ್ಲಿ ಕನ್‌ಸ್ಟ್ರಕ್ಷನ್ ಸೈಟಿನಲ್ಲಿ ಕೆಲಸಕ್ಕೆ ಬರುವವರು ಹಿಂದಿ, ಉರ್ದು, ಮಲಯಾಳಂ, ತಮಿಳು, ಬಂಗಾಳಿ, ನೇಪಾಳಿ ಮಾತಾಡುತ್ತಾರೆ. ತಮ್ಮ ಭಾಷೆಯಲ್ಲದ ದನಿ ಕೇಳುವವರಿಗೆ ಕೆಳಗೆ ಬರಹ ಇದ್ದರೆ ಆಸರೆ. ನಮ್ಮಲ್ಲಿ ಕೊನೆಗೆ ಮಾತೇ ಇಲ್ಲದ ವೀಡಿಯೋ ಮಾಡಿದರು. ಸೇಫ್ಟಿ ಬೆಲ್ಟ್ ಕೊಂಡಿಯನ್ನು ಎಲ್ಲಿ ಸಿಕ್ಕಿಸಬೇಕು, ಎಲ್ಲಿ ಸಿಕ್ಕಿಸಬಾರದು ಅಂತ ಬರೀ ಕೈ ತೋರಿಸುತ್ತದೆ. ಅದಕ್ಕೆ ಯಾವ ಭಾಷೆಯೂ ಬೇಕಾಗಲಿಲ್ಲ.

ಕೋರ್ಸ್_ಬರಹ

ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ಗದ್ದಲ ಇರುವ ಕಡೆ ಮತ್ತು ಭಾಷೆ ತಮ್ಮದಲ್ಲದವರಿಗೆ ಸಬ್‌ಟೈಟಲ್ ಬೇಕು. ಆನ್, ಆಫ್ ಮಾಡುವ ಆಯ್ಕೆ ಕೊಡಿ. ನಾನು ಹೇಳಿದ್ದು ಸ್ಲೈಡ್ ತುಂಬಾ ಪ್ಯಾರಾ ಹಾಕಿ ಅದನ್ನೇ ಓದಿಸುವುದರ ಬಗ್ಗೆ.

ಯುನಿಕೋಡ್_ಗೆಳೆಯ

ತಾಂತ್ರಿಕ ವಿಷಯ, ಯಾರಿಗಾದರೂ ಉಪಯೋಗ ಆಗಬಹುದು. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪ್ ಮಾಡಿಟ್ಟದ್ದನ್ನು ನೇರವಾಗಿ ಕೋರ್ಸ್ ಸಾಫ್ಟ್‌ವೇರ್‌ಗೆ ಪೇಸ್ಟ್ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಮೊದಲು ಯುನಿಕೋಡ್‌ಗೆ ಬದಲಾಯಿಸಿ. ಅದಾದ ಮೇಲೂ ಕೆಲವು ಕಡೆ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, 'ಸ್ವಿಚ್' ಹೋಗಿ 'ಸ್‌ವಿಚ್' ಆಗುತ್ತದೆ. ಕಂಪ್ಯೂಟರ್‌ನಲ್ಲಿ ಸರಿ ಕಂಡದ್ದು ಹಳೇ ಮೊಬೈಲ್‌ನಲ್ಲಿ ಕೆಡಬಹುದು. ನಿಮ್ಮ ಹುಡುಗರ ಕೈಯಲ್ಲಿರುವ ಅತಿ ಅಗ್ಗದ ಫೋನ್ ತಗೊಂಡು ಅದರಲ್ಲೇ ಪರೀಕ್ಷಿಸಿ. ಪಠ್ಯವನ್ನು ಚಿತ್ರ ಮಾಡಿ ಹಾಕುವ ಉಪಾಯ ಬೇಡ. ಆಮೇಲೆ ಒಂದು ಪದ ತಿದ್ದಬೇಕಾದರೂ ಎಲ್ಲ ಮತ್ತೆ ಮಾಡಬೇಕು.

ಗಾರ್ಮೆಂಟ್ಸ್_ಅಕ್ಕ

ನಾನು ಬೊಮ್ಮನಹಳ್ಳಿ ಕಡೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ವೆಲ್‌ಫೇರ್ ನೋಡಿಕೊಳ್ಳುತ್ತಿದ್ದೆ. ನಮ್ಮಲ್ಲಿ ಲೈನಿಗೆ ಫೋನ್ ತರುವಂತಿಲ್ಲ. ಸುಮಾರು ಹೆಂಗಸರ ಮನೆಯಲ್ಲಿ ಫೋನ್ ಒಂದೇ, ಅದು ಗಂಡನ ಹತ್ತಿರವೋ ಮಗನ ಹತ್ತಿರವೋ ಇರುತ್ತದೆ. "ಮನೆಗೆ ಹೋಗಿ ಕೋರ್ಸ್ ನೋಡಿ" ಅಂದರೆ ಯಾವಾಗ ನೋಡುವುದು? ಅಡುಗೆ ಮಾಡುವಾಗಲಾ?

ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬಗ್ಗೆ ಟ್ರೈನಿಂಗ್ ಕೊಡಬೇಕಿತ್ತು. ಬಂದ ಕೋರ್ಸಿನಲ್ಲಿ ಸೆಕ್ಷನ್ ನಂಬರ್‌ಗಳ ಮೆರವಣಿಗೆ. ಅದನ್ನು ಪಕ್ಕಕ್ಕಿಟ್ಟು, ಕೆಲಸದ ಟೈಮಿನಲ್ಲೇ 12 ಜನರ ಗುಂಪಿಗೆ ಒಂದು ಟಿವಿ ಮುಂದೆ ಕೂರಿಸಿ ಸಣ್ಣ ಸಣ್ಣ ಸನ್ನಿವೇಶ ತೋರಿಸಿದೆ. ಪ್ರತಿ ಸನ್ನಿವೇಶಕ್ಕೆ ನಿಲ್ಲಿಸಿ "ಇದು ಸರಿಯಾ?" ಅಂತ ಕೇಳುವುದು. ಲೈನ್ ಮಾಸ್ಟರ್ ಟಾರ್ಗೆಟ್ ಬಗ್ಗೆ ಬೈಯುತ್ತಾ ಭುಜದ ಮೇಲೆ ಕೈ ಇಡುವ ಸನ್ನಿವೇಶ ಬಂದಾಗ ಕೋಣೆ ಪೂರ್ತಿ ಸುಮ್ಮನಾಯಿತು. ಆಮೇಲೆ ಒಬ್ಬರು ಶುರು ಮಾಡಿದರು. ಅರ್ಧ ಗಂಟೆ ಆದರೂ ಮಾತು ನಿಲ್ಲಲಿಲ್ಲ.

ಅವರಿಗೆ ನಿಜವಾಗಿ ಬೇಕಿದ್ದದ್ದು ಮೂರೇ ವಿಷಯ. ದೂರನ್ನು ಯಾರಿಗೆ ಕೊಡಬೇಕು: ಹಾಗಾಗಿ ನಮ್ಮ ಆಂತರಿಕ ಸಮಿತಿಯವರ ಹೆಸರು, ಫೋಟೋ, ಅವರು ಯಾವ ಫ್ಲೋರಿನಲ್ಲಿ ಸಿಗುತ್ತಾರೆ ಅಂತ ಹಾಕಿದೆ. ಎಷ್ಟು ದಿನದೊಳಗೆ: ಘಟನೆ ನಡೆದ ಮೂರು ತಿಂಗಳೊಳಗೆ, ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ಮೂರನೆಯದು, ಬರೆಯಲು ಬಾರದಿದ್ದರೆ: ಸಮಿತಿಯವರೇ ಬರೆದುಕೊಳ್ಳಲು ಸಹಾಯ ಮಾಡಬೇಕು. ಈ ಮೂರನೆಯದನ್ನು ಕೇಳಿ ಒಬ್ಬರು ಅಮ್ಮ "ಹಂಗಾ?" ಅಂದರು. ಆ ಮುಖ ನನಗೆ ಇನ್ನೂ ನೆನಪಿದೆ.

ಕ್ಲಿಕ್_ಕಲಿಕೆ

ಆದರೆ ಅದು ಆನ್‌ಲೈನ್ ಕೋರ್ಸ್ ಆಗಲಿಲ್ಲವಲ್ಲ, ಗುಂಪು ತರಗತಿ ಆಯಿತು.

ಗಾರ್ಮೆಂಟ್ಸ್_ಅಕ್ಕ

ಆಗಲಿ ಬಿಡಿ. ಹೆಸರಲ್ಲೇನಿದೆ? ವೀಡಿಯೋ, ಪ್ರಶ್ನೆ ಎಲ್ಲಾ ಕಂಪ್ಯೂಟರಿನಿಂದಲೇ ಬಂದದ್ದು. ಒಬ್ಬೊಬ್ಬರೇ ಕೂತು ನೋಡಬೇಕು ಅಂತ ನಿಯಮ ಏನಿಲ್ಲ.

ಬ್ಯಾಂಕ್_ಮೇಡಂ

ನಮ್ಮಲ್ಲಿ ವರ್ಷಕ್ಕೊಮ್ಮೆ ಸೈಬರ್ ಸೇಫ್ಟಿ ಕೋರ್ಸ್. ಮಾರ್ಚ್ ತಿಂಗಳಲ್ಲೇ ಬರುತ್ತದೆ. ವರ್ಷಾಂತ್ಯದ ಲೆಕ್ಕ, ಕೌಂಟರ್ ಮುಂದೆ ಕ್ಯೂ, ಅದರ ಮಧ್ಯೆ ಇದು. ಯಾರ ಗಮನ ಇರುತ್ತದೆ? ಬದಲಿಗೆ ನಡುನಡುವೆ ಐಟಿಯವರು ಕಳಿಸುವ ನಕಲಿ ಮೋಸದ ಮೇಲ್ ಇದೆಯಲ್ಲ, ಅದರಿಂದ ನಾನು ಕಲಿತೆ. ಒಂದು ಸಲ ಕ್ಲಿಕ್ ಮಾಡಿಬಿಟ್ಟೆ. "ವಿಳಾಸದಲ್ಲಿ ಈ ಒಂದು ಅಕ್ಷರ ನೋಡಿ" ಅಂತ ಅದೇ ಮೇಲ್ ಮೇಲೆ ಬಾಣ ಹಾಕಿ ತೋರಿಸಿತು. ಅವತ್ತಿನಿಂದ ಕಳಿಸಿದವರ ವಿಳಾಸ ನೋಡದೆ ತೆರೆಯುವುದಿಲ್ಲ.

ಸಿಎನ್‌ಸಿ_ಆಪರೇಟರ್

ಕ್ಲಿಕ್ ಮಾಡಿದವರ ಹೆಸರು ಎಲ್ಲರಿಗೂ ಹೇಳುತ್ತಾರಾ?

ಬ್ಯಾಂಕ್_ಮೇಡಂ

ಮೊದಲು ಹೇಳುತ್ತಿದ್ದರು. ಆಗ ಜನ ಮುಚ್ಚಿಡಲು ಶುರು ಮಾಡಿದರು. ಈಗ ಹೇಳುವುದಿಲ್ಲ. ಎಷ್ಟು ಜನ 'ರಿಪೋರ್ಟ್' ಬಟನ್ ಒತ್ತಿದರು ಅನ್ನುವುದನ್ನು ಮಾತ್ರ ಎಣಿಸುತ್ತಾರೆ. ಅದು ಸರಿಯಾದ ದಾರಿ.

ಸಿಎನ್‌ಸಿ_ಆಪರೇಟರ್

ಒಳ್ಳೆಯದು. ಈಗ ಪೀಣ್ಯದವರಿಗೆ ನನ್ನ ಪ್ರಶ್ನೆ. ನಿಮ್ಮ ಪ್ರೆಸ್ ಲೈನಿನಲ್ಲಿ ಬೀಗಗಳು ಎಷ್ಟಿವೆ? ಎಲ್ಲಿವೆ?

ಪೀಣ್ಯ_ಸೇಫ್ಟಿ

ಸ್ಟೋರಿನಲ್ಲಿ 15 ಇವೆ. ನಾಳೆ ಹೋಗಿ ಸರಿಯಾಗಿ ನೋಡಿ ಹೇಳುತ್ತೇನೆ.

ಕೋರ್ಸ್_ಬರಹ

ಆಪರೇಟರ್ ಕೇಳಿದ ಪ್ರಶ್ನೆ ಕೋರ್ಸ್ ಶುರು ಮಾಡುವ ಮೊದಲೇ ಕೇಳಬೇಕಿತ್ತು. ನಾನೂ ಮೊದಲ ಪೋಸ್ಟಿನಲ್ಲಿ ಕೇಳಲಿಲ್ಲ. ಗೊತ್ತಿಲ್ಲದೆ ಮಾಡುತ್ತಿಲ್ಲವಾ, ಅಥವಾ ಗೊತ್ತಿದ್ದರೂ ಮಾಡಲು ಆಗುತ್ತಿಲ್ಲವಾ? ಎರಡನೆಯದಾದರೆ ಯಾವ ಕೋರ್ಸೂ ಉಪಯೋಗಕ್ಕೆ ಬರುವುದಿಲ್ಲ.

ಪೀಣ್ಯ_ಸೇಫ್ಟಿ (ಮಂಗಳವಾರ ರಾತ್ರಿ)

ಎರಡು ದಿನ ಶಾಪ್‌ಫ್ಲೋರಿನಲ್ಲೇ ಇದ್ದೆ. ಕಂಡದ್ದನ್ನು ಹಾಗೇ ಬರೆಯುತ್ತೇನೆ.

15 ಬೀಗ ಇರುವುದು ನಿಜ. ಅವು ಸೂಪರ್‌ವೈಸರ್ ಕಪಾಟಿನಲ್ಲಿ, ಕಪಾಟಿಗೇ ಬೀಗ. ಪ್ರೆಸ್‌ನಿಂದ ಅಲ್ಲಿಗೆ ಹೋಗಿ ಬರಲು ನಾನು ನಡೆದು ನೋಡಿದೆ, ನಾಲ್ಕು ನಿಮಿಷ. ಸಹಿ ಹಾಕಿ ತಗೋಬೇಕು. ಎರಡನೇ ಶಿಫ್ಟಿನ ಸೂಪರ್‌ವೈಸರ್ ಊಟಕ್ಕೆ ಹೋದರೆ ಕಪಾಟು ತೆರೆಯುವವರೇ ಇಲ್ಲ. ಅವತ್ತು ಕೈ ಹಾಕಿದ ಹುಡುಗನನ್ನು ಒಬ್ಬನನ್ನೇ ಕೂರಿಸಿ ಕೇಳಿದೆ, ಬೈಯಲಿಲ್ಲ. "ಸಾರ್, ಒಂದು ಶಿಫ್ಟಿಗೆ ಏಳೆಂಟು ಸಲ ಸಿಕ್ಕಿಕೊಳ್ಳುತ್ತದೆ. ಪ್ರತಿ ಸಲ ಹೋಗಿ ತರಬೇಕಾ?" ಅಂದ. ಅವನ ಲೆಕ್ಕದಲ್ಲಿ ಅರ್ಧ ಗಂಟೆ ನಡಿಗೆಯಲ್ಲೇ ಹೋಗುತ್ತದೆ. ಟಾರ್ಗೆಟ್ ಮಾತ್ರ ಇಳಿಯುವುದಿಲ್ಲ. ನನ್ನ 62 ಸ್ಲೈಡಿನಲ್ಲಿ ಇದರ ಬಗ್ಗೆ ಒಂದು ಮಾತಿಲ್ಲ.

ಇವತ್ತು ಮ್ಯಾನೇಜರ್ ಜೊತೆ ಮಾತಾಡಿದೆ. ಪ್ರೆಸ್ ಲೈನಿನ ಕಂಬಕ್ಕೆ ಕೆಂಪು ಬೋರ್ಡ್ ಹೊಡೆಸುತ್ತಿದ್ದೇವೆ. ಪ್ರತಿ ಆಪರೇಟರ್ ಹೆಸರಿನಲ್ಲಿ ಒಂದು ಬೀಗ, ಒಂದು ಚೀಟಿ. ತುಂಡು ತೆಗೆಯಲು ಉದ್ದ ಹಿಡಿಯ ಇಕ್ಕಳ ಮತ್ತು ಮ್ಯಾಗ್ನೆಟ್ ಕೂಡ ಅಲ್ಲೇ. ಅಷ್ಟು ಸಲ ಯಾಕೆ ಸಿಕ್ಕಿಕೊಳ್ಳುತ್ತದೆ ಅಂತ ಟೂಲ್‌ರೂಮಿನವರು ಡೈ ನೋಡುತ್ತಿದ್ದಾರೆ.

ಹಳೇ_ಮೇಸ್ತ್ರಿ

ಇದು ಕೆಲಸ. ಡೈ ಸರಿ ಮಾಡಿಸಿ ಮೊದಲು.

ಕಾಯ್ದೆ_ಕಾರ್ಮಿಕ

ಒಂದು ಮಾತು ಸೇರಿಸಲೇ? ಫ್ಯಾಕ್ಟರಿ ಕಾಯ್ದೆಗೆ 1987ರಲ್ಲಿ 111ಎ ಅಂತ ಒಂದು ಸೆಕ್ಷನ್ ಸೇರಿಸಿದ್ದರು. ತನ್ನ ಆರೋಗ್ಯ, ಸುರಕ್ಷತೆ ಬಗ್ಗೆ ಮಾಹಿತಿ ಮತ್ತು ತರಬೇತಿ ಪಡೆಯುವುದು ಕೆಲಸಗಾರನ ಹಕ್ಕು ಅಂತ ಅದರಲ್ಲಿತ್ತು. ನಾವು ಟ್ರೈನಿಂಗ್ ಅಂದರೆ ಕಂಪನಿ ಹೇರುವ ಕೆಲಸ ಅಂತ ನೋಡುತ್ತೇವೆ. ಅದು ಕೆಲಸಗಾರನಿಗೆ ಬರಬೇಕಾದ ಬಾಕಿ. ಹಾಗೆ ನೋಡಿದರೆ ಶಿಫ್ಟಿನ ಕೊನೆಯ ಅರ್ಧ ಗಂಟೆಯಲ್ಲಿ ಕ್ಯಾಂಟೀನ್‌ಗೆ ಓಡಿಸುವುದು ಸರಿಯಾ?

ಪೀಣ್ಯ_ಸೇಫ್ಟಿ

ಸರಿಯಲ್ಲ. ಶಿಫ್ಟಿನ ಮೊದಲಲ್ಲೇ ಹತ್ತು ನಿಮಿಷ ಕೇಳಿದ್ದೇನೆ, ಸಿಗುವ ಹಾಗಿದೆ.

ಹೊಸ ಕೋರ್ಸ್ 62 ಸ್ಲೈಡಿನಿಂದ ನಾಲ್ಕು ಸನ್ನಿವೇಶಕ್ಕೆ ಇಳಿದಿದೆ. ಏಳು ನಿಮಿಷ. ನಮ್ಮದೇ ಪ್ರೆಸ್‌ನ ಫೋಟೋ, ನಮ್ಮ ಫಿಟ್ಟರ್ ದನಿ. ಕೀಲಿ ಅನ್ನುವ ಪದವನ್ನೇ ತೆಗೆದೆ. ಬೀಗದ ಚಿತ್ರ, ಕೀ ಚಿತ್ರ ಪಕ್ಕಪಕ್ಕ ಇಟ್ಟಿದ್ದೇನೆ. ಮೊದಲ ಸನ್ನಿವೇಶದ ಆಯ್ಕೆಗಳು ಇವು, ನೋಡಿ ಹೇಳಿ:

ಅ. ಕೆಂಪು ಬಟನ್ ಒತ್ತಿ, ಬೇಗ ಕೈ ಹಾಕಿ ತೆಗೆಯುತ್ತೇನೆ.
ಆ. ಜೊತೆಯವನನ್ನು ಸ್ವಿಚ್ ಹತ್ತಿರ ನಿಲ್ಲಿಸಿ ಕೈ ಹಾಕುತ್ತೇನೆ.
ಇ. ಕೆಂಪು ಬಟನ್ ಒತ್ತಿ, ಮೇನ್ ಆಫ್ ಮಾಡಿ, ಬೀಗ ಹಾಕಿ, ಬ್ಲಾಕ್ ಇಟ್ಟು, ಸ್ಟಾರ್ಟ್ ಒತ್ತಿ ನೋಡಿ ಆಮೇಲೆ ತೆಗೆಯುತ್ತೇನೆ.
ಈ. ಸೂಪರ್‌ವೈಸರ್‌ಗೆ "ನನ್ನ ಸುರಕ್ಷತೆಯೇ ಮೊದಲು" ಎಂದು ತಿಳಿಸುತ್ತೇನೆ.

ಸಿಎನ್‌ಸಿ_ಆಪರೇಟರ್

'ಆ' ತುಂಬಾ ಸರಿಯಾಗಿದೆ, ಎಲ್ಲರೂ ಮಾಡುವುದು ಅದೇ. ಜೊತೆಯವನನ್ನು ಯಾರೋ ಕರೆದರೆ ಅವನು ತಿರುಗಿ ನೋಡಿಯೇ ನೋಡುತ್ತಾನೆ, ಅದನ್ನು ತೋರಿಸಿ. 'ಈ' ತೆಗೆಯಿರಿ. ಐದು ಗಂಟೆಗೆ ಲಾರಿ ನಿಂತಿರುವಾಗ ಯಾರೂ ಸೂಪರ್‌ವೈಸರ್‌ಗೆ ಹಾಗೆ ಮಾತಾಡುವುದಿಲ್ಲ. "ಸಾರ್, ಬೀಗ ಹಾಕ್ತಿದೀನಿ, ಎರಡು ನಿಮಿಷ" ಅಂತ ಕೂಗಿ ಹೇಳುತ್ತಾರೆ, ಅಷ್ಟೇ. ಮತ್ತೆ 'ಇ' ಎಲ್ಲಕ್ಕಿಂತ ಉದ್ದ ಇದೆ.

ವಾರ್ಡ್_ಸಿಸ್ಟರ್

ಆ ಕೂಗಿ ಹೇಳುವ ಮಾತನ್ನೇ ಕೋರ್ಸಿಗೆ ಹಾಕಿ. ಹೊಸ ಹುಡುಗರಿಗೆ ಏನು ಹೇಳಬೇಕು ಅಂತ ಬಾಯಿಗೆ ಬರುವುದಿಲ್ಲ, ಅದೇ ಕಷ್ಟ. ಸೂಪರ್‌ವೈಸರ್‌ಗಳಿಗೂ ಒಂದು ಸನ್ನಿವೇಶ ಮಾಡಿ. ಆ ಮಾತು ಕೇಳಿದಾಗ ಅವರು ಏನು ಉತ್ತರ ಕೊಡಬೇಕು ಅಂತ.

ಪೀಣ್ಯ_ಸೇಫ್ಟಿ

ಇದು ಹೊಳೆದಿರಲಿಲ್ಲ. ಬರೆದುಕೊಂಡೆ. 'ಇ' ಚಿಕ್ಕದು ಮಾಡುತ್ತೇನೆ, 'ಈ' ತೆಗೆಯುತ್ತೇನೆ.

ಕೋರ್ಸ್_ಬರಹ

ಎಲ್ಲರಿಗೂ ಬಿಡುವ ಮೊದಲು ಮೂರು ಜನರಿಗೆ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಸಹಾಯ ಮಾಡಬೇಡಿ. ಎಲ್ಲಿ ಬೆರಳು ನಿಲ್ಲುತ್ತದೆ ಅಂತ ನೋಡಿ. ಮತ್ತೆ ಪಾಸ್ ಎಷ್ಟು ಅಂತ ಎಣಿಸುವುದು ಬಿಡಿ. ಬೋರ್ಡಿನಿಂದ ಬೀಗ ಎಷ್ಟು ಸಲ ಇಳಿಯಿತು ಅಂತ ಎಣಿಸಿ.

ಪೀಣ್ಯ_ಸೇಫ್ಟಿ

ನಾಳೆ ಎರಡನೇ ಶಿಫ್ಟಿನಲ್ಲಿ ಮೂವರಿಗೆ ತೋರಿಸುತ್ತಿದ್ದೇನೆ. ಮೊದಲನೆಯವನು ಅವತ್ತು ಕೈ ಹಾಕಿದ ಅದೇ ಹುಡುಗ. ಅವನೇ "ನಾನು ನೋಡ್ತೀನಿ ಸಾರ್" ಅಂದ.

ಯುನಿಕೋಡ್_ಗೆಳೆಯ

ಅವನ ಫೋನ್ ಯಾವುದು ಅಂತ ಕೇಳಿ ಹೇಳಿ. ಒತ್ತಕ್ಷರ ಒಡೆದರೆ ಸ್ಕ್ರೀನ್‌ಶಾಟ್ ಇಲ್ಲೇ ಹಾಕಿ, ರಾತ್ರಿ ನೋಡುತ್ತೇನೆ.